ಅರಿಶಿನದ ನೀರಲ್ಲಿ ಸಿಕ್ಕಿದ ಕೈ

ಮೊದಲೇ ಹೇಳ್ಬಿಡ್ತೀನಿ, ಗಾಳಿ ಸೋಕೋದು, ದೆವ್ವ ಹಿಡಿಯೋದು ಇಂಥದ್ದನ್ನೆಲ್ಲ ನಾನು ನಂಬ್ತಿರಲಿಲ್ಲ. ನಂಬೋರ ಜೊತೆ ಜಗಳಕ್ಕೇ ನಿಲ್ತಿದ್ದೆ. ನಮ್ಮೂರು ಕುದೇರಲ್ಲಿ ನಮ್ಮಜ್ಜಿ ಯಾರಿಗಾದ್ರೂ ಬೇವಿನಸೊಪ್ಪಲ್ಲಿ ಇಳಿ ತೆಗೀತಾ ಕೂತಿದ್ರೆ, "ಅಜ್ಜಿ, ಅವ್ರಿಗೆ ಬಿ.ಪಿ. ಕಮ್ಮಿ ಆಗಿರೋದು, ಉಪ್ಪು ಸಕ್ಕರೆ ನೀರು ಕುಡ್ಸು" ಅಂತ ಮಧ್ಯ ಬಾಯಿ ಹಾಕಿ ಬೈಸ್ಕೋತಿದ್ದೆ. ಪಿಯುಸಿ ಆದ್ಮೇಲೆ ಓದು ನಿಂತೋಯ್ತು, ಆದ್ರೆ ತಿಳ್ಕೊಳೋ ಹುಚ್ಚು ನಿಲ್ಲಲಿಲ್ಲ. ಫೋನಲ್ಲಿ ಏನ್ ಸಿಕ್ಕಿದ್ರೂ ನೋಡೋದು, ಅರ್ಥ ಆಗೋವರ್ಗೂ ಬಿಡ್ತಿರಲಿಲ್ಲ. ಈಗ ಬರೀತಿರೋಳು ಅಂಥೋಳು ಅನ್ನೋದು ನಿಮ್ಮ ತಲೇಲಿರಲಿ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗೋ ರೋಡಲ್ಲಿ ಒಂದು ಮೀನಿನ ಫ್ಯಾಕ್ಟರಿ ಇತ್ತು. ಸಮುದ್ರ ಇಲ್ಲದ ಊರಲ್ಲಿ ಮೀನಿನ ಫ್ಯಾಕ್ಟರಿನಾ ಅಂತ ಎಲ್ರೂ ಕೇಳ್ತಾರೆ. ರಾತ್ರಿ ಮುಚ್ಚಿರೋ ಬಂಡೀಪುರದ ಕಾಡಿನ ಗೇಟು ಬೆಳಗ್ಗೆ ತೆಗೆದಿದ್ದೇ ತಡ, ಕೇರಳದ ಕಡೆಯಿಂದ ಐಸ್ ತುಂಬಿದ ಲಾರಿಗಳು ಸಾಲಾಗಿ ಬರ್ತಿದ್ವು. ಕೆರೆ, ಡ್ಯಾಮಿನ ಕಾಟ್ಲಾ ಮೀನೂ ಬರ್ತಿತ್ತು. ಕಿವಿರು ಎತ್ತಿ ನೋಡ್ಬೇಕು, ಕೆಂಪಗಿದ್ರೆ ಒಳಗೆ, ಕಂದು ಬಣ್ಣ ತಿರುಗಿದ್ರೆ ಹೊರಗೆ. ಆಮೇಲೆ ಕ್ಲೋರಿನ್ ಹಾಕಿದ ತಣ್ಣೀರಲ್ಲಿ ತೊಳೆಯೋದು, ಸ್ಟೀಲ್ ಟೇಬಲ್ ಮೇಲೆ ಹುರುಪೆ ಕೆರೆದು, ಕರುಳು ತೆಗೆದು, ಮುಳ್ಳು ಬಿಡಿಸಿ, ತಿರುಗ ಐಸಲ್ಲಿ ಮುಚ್ಚೋದು. ಟ್ರೇ ತುಂಬಿದ್ರೆ ಬ್ಲಾಸ್ಟ್ ಫ್ರೀಜರ್. ನನಗೆ ಬಾಳ ಇಷ್ಟ ಇದ್ದಿದ್ದು ಅದೇ. ನೋಡಿ, ಮೀನು ನಿಧಾನಕ್ಕೆ ಗಟ್ಟಿಯಾದ್ರೆ ಅದರೊಳಗಿನ ನೀರು ದಪ್ಪ ದಪ್ಪ ಹರಳು ಕಟ್ಟಿ ಮಾಂಸನ ಒಳಗಿಂದ್ಲೇ ಸೀಳಿಬಿಡತ್ತೆ. ಭಯಂಕರ ಚಳಿ ಗಾಳಿ ಬಿಟ್ಟು ಬೇಗ ಗಟ್ಟಿ ಮಾಡಿದ್ರೆ ಹರಳು ಸಣ್ಣದಾಗೇ ಉಳಿಯತ್ತೆ, ಮೀನು ಕೆಡಲ್ಲ. ಇದನ್ನ ತಿಳ್ಕೊಂಡ ದಿನ ನಾನು ನಮ್ಮನ್ನ ಕೆಲಸಕ್ಕೆ ಕರ್ಕೊಂಡೋಗೋ ವ್ಯಾನಲ್ಲಿ ಎಲ್ರಿಗೂ ಪಾಠ ಮಾಡಿದ್ದೆ. "ಸಾಕು ಸುಮ್ನಿರಮ್ಮಿ, ಕೆಲಸದಲ್ಲೂ ಮೀನೇ, ವ್ಯಾನಲ್ಲೂ ಮೀನೇನಾ" ಅಂತ ರಾಚಮ್ಮಕ್ಕ ನನ್ನ ಬಾಯಿಗೆ ಎಲೆಅಡಿಕೆ ತುರುಕಿದ್ಲು.

ರಾಚಮ್ಮಕ್ಕ ಚಂದಕವಾಡಿಯೋಳು. ಟೇಬಲ್ ಹತ್ರ ನನ್ನ ಪಕ್ಕದ ಜಾಗ ಅವಳ್ದು. ಗಂಡ ಇರಲಿಲ್ಲ, ಹೈಸ್ಕೂಲ್ ಓದೋ ಒಬ್ಬಳು ಮಗಳು. ಮೀನು ಬಿಡಿಸೋದ್ರಲ್ಲಿ ಅವಳಷ್ಟು ಬೇಗ ಯಾರೂ ಇರಲಿಲ್ಲ. ನಾನು ಹೊಸದಾಗಿ ಸೇರಿದಾಗ ಚಾಕು ಹಿಡಿಯೋದು ಕಲಿಸಿದ್ದು, ಮೊದಲನೇ ವಾರ ವಾಸನೆಗೆ ನಾನು ಊಟ ಬಿಟ್ಟಾಗ ಅವಳ ಬುತ್ತಿಯಿಂದ ಮುದ್ದೆ ಮುರಿದು ಕೊಟ್ಟಿದ್ದು ಎಲ್ಲ ಅವಳೇ.

ದಿನಾ ಐಸಲ್ಲೇ ಕೆಲಸ ಮಾಡಿದ್ರೆ ಗ್ಲೌಸ್ ಇದ್ರೂ ಕೈ ಮರಗಟ್ಟೋಗತ್ತೆ. ಬೆರಳು ನಮ್ದೇನಾ ಅಂತ ಅನುಮಾನ ಬರತ್ತೆ. ಅದಕ್ಕೇ ಟೀ ಟೈಮಲ್ಲಿ ಹೊರಗಡೆ ಶೀಟಿನ ಕೆಳಗೆ ಒಂದು ನೀಲಿ ಡ್ರಮ್ಮನ್ನ ಅರ್ಧಕ್ಕೆ ಕುಯ್ದು ಬಿಸಿನೀರು ತುಂಬಿಸಿ ಇಡ್ತಿದ್ರು. ಸಣ್ಣಪುಟ್ಟ ಗಾಯಕ್ಕೆ ಒಳ್ಳೇದು ಅಂತ ನಾವೇ ಅರಿಶಿನ ಕಲಸ್ತಿದ್ವಿ. ನೀರು ಹಳದಿಯಾಗಿ ಒಳಗೆ ಏನೂ ಕಾಣ್ತಿರಲಿಲ್ಲ. ಎಲ್ರೂ ಸುತ್ತ ನಿಂತು ಮೊಣಕೈವರ್ಗೂ ಅದ್ದಿದ್ರೆ ಅಬ್ಬಾ, ಜೀವ ಬಂದಂಗೆ! ಅಲ್ಲೊಂದು ಆಟ ಇತ್ತು. ನೀರೊಳಗೆ ಯಾವ್ದಾದ್ರೂ ಕೈ ಹಿಡ್ಕೊಂಡು ಯಾರದ್ದು ಅಂತ ಹೇಳ್ಬೇಕು. ತಪ್ಪು ಹೇಳಿದ್ರೆ ಆ ಹೆಸರಿನೋಳು ಎರಡೂ ಕೈ ಮೇಲೆತ್ತಿ ತೋರಿಸ್ತಿದ್ಲು, ಎಲ್ರೂ ನಗೋರು. ಮರಗಟ್ಟಿದ ಬೆರಳಿಗೆ ಯಾವ ಕೈ ಆದ್ರೂ ಒಂದೇ ಥರ ಇರ್ತಿತ್ತು. ರಾಚಮ್ಮಕ್ಕನ ಬಲಗೈ ಮಾತ್ರ ಎಲ್ರಿಗೂ ಗೊತ್ತು. ಚಿಕ್ಕೋಳಿದ್ದಾಗ ಮುರಿದಿದ್ದ ಕಿರುಬೆರಳು ಕೊಕ್ಕೆ ಥರ ಒಳಗೆ ಬಾಗಿತ್ತು. ತೋರುಬೆರಳ ಬುಡದಲ್ಲಿ ಚಾಕುವಿನ ಜಡ್ಡು, ಹುಣಸೆಬೀಜದಷ್ಟು ಗಟ್ಟಿ. ಸಿಕ್ಕಿದ್ರೆ ಅಂಗೈನ ಹೆಬ್ಬೆರಳಲ್ಲಿ ಗೀಚಿ ಕಚಗುಳಿ ಇಡೋಳು.

ಒಂದಿನ ಐಸ್ ಪುಡಿ ಮಾಡೋ ಮಿಷನ್ನಿಗೆ ಗಡ್ಡೆ ಹಾಕೋರು ಬಂದಿರಲಿಲ್ಲ. ರಾಚಮ್ಮಕ್ಕ ನಾನೇ ಹಾಕ್ತೀನಿ ಅಂತ ಹೋದ್ಲು. ಮುಂಚೆನೂ ಎಷ್ಟೋ ಸಲ ಹಾಕಿದ್ಲು. ಆವತ್ತು ರಬ್ಬರ್ ಗ್ಲೌಸಿನ ತುದಿ ಮಿಷನ್ನಿನ ಹಲ್ಲಿಗೆ ಸಿಕ್ಕಿ ಬಲಗೈಯನ್ನೂ ಎಳ್ಕೊಂಬುಡ್ತು. ಜಾಸ್ತಿ ಬರೆಯೋಕೆ ನನ್ನ ಕೈಲಾಗಲ್ಲ. ಅವಳನ್ನ ಚಾಮರಾಜನಗರದ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಕರ್ಕೊಂಡೋದ್ರು. ಕೈ ಉಳಿಸೋಕೆ ನೋಡ್ತೀವಿ, ರಕ್ತ ಓಡಾಡಿದ್ರೆ ಉಳಿಯತ್ತೆ, ಇಲ್ಲಾಂದ್ರೆ ಕಷ್ಟ ಅಂದ್ರಂತೆ ಡಾಕ್ಟ್ರು.

ಆಮೇಲಿನ ದಿನಗಳು ಹೆಂಗಿದ್ವು ಅಂದ್ರೆ, ವ್ಯಾನ್ ಹತ್ತಿದ ತಕ್ಷಣ ಎಲ್ರೂ ಒಂದೇ ಕೇಳ್ತಿದ್ರು, "ಬೆರಳು ಆಡುಸ್ತಿದ್ದಳಾ?" ಅವಳ ತಮ್ಮನಿಗೆ ಫೋನ್ ಮಾಡೋಳು ನಾನು. ಒಂದಿನ ಬಣ್ಣ ಪರವಾಗಿಲ್ಲ ಅನ್ನೋನು, ಮಾರನೇ ದಿನ ಜ್ವರ ಅನ್ನೋನು. ಆ ಕೈ ಇದ್ರೆ ಅವಳಿಗೆ ಕೆಲಸ, ಕೆಲಸ ಇದ್ರೆ ಮಗಳ ಓದು. ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ ಅಷ್ಟೇ. ನಾನು ರಾತ್ರಿಯೆಲ್ಲ ನಜ್ಜುಗುಜ್ಜಾದ ಕೈಗೆ ಏನು ಮಾಡ್ತಾರೆ ಅಂತ ಹುಡುಕಿ ಓದಿ, ಬೆಳಗ್ಗೆ "ಉಳಿಯೋ ಚಾನ್ಸ್ ಐತೆ ಕಣ್ರಕ್ಕ" ಅಂತ ಧೈರ್ಯ ಹೇಳ್ತಿದ್ದೆ.

ಅವತ್ತೊಂದು ದಿನ ತಮ್ಮ ಫೋನ್ ಎತ್ತಲೇ ಇಲ್ಲ. ಸಂಜೆ ಟೀ ಟೈಮಿಗೆ ಡ್ರಮ್ಮಿನ ಸುತ್ತ ನಿಂತ್ವಿ. ಆಟ ಆಡೋ ಮನಸ್ಸು ಯಾರಿಗೂ ಇರಲಿಲ್ಲ. ಆದ್ರೆ ಸಿದ್ದಮ್ಮ ಅಂತ, ಯಾವಾಗ್ಲೂ ನಗಿಸೋಳು, "ಏನ್ರೇ, ಸೂತಕದ ಮನೆ ಥರ ನಿಂತಿದ್ದೀರಿ, ಅವಳು ಬಂದು ನೋಡಿದ್ರೆ ನಮ್ಗೆಲ್ಲ ಉಗುದ್ಬುಡ್ತಾಳೆ" ಅಂದು ನನ್ನ ಕೈ ಹಿಡಿದು ಎಳೆದ್ಲು. ಒಬ್ಬೊಬ್ರೇ ಸಣ್ಣಗೆ ನಕ್ರು. ನಾನೂ ನೀರೊಳಗೆ ಕೈಯಾಡ್ಸಿ ಒಂದು ಕೈ ಹಿಡ್ಕೊಂಡೆ.

ತಣ್ಣಗಿತ್ತು. ಅಷ್ಟು ಬಿಸಿನೀರಲ್ಲೂ ಈಗ ತಾನೇ ಐಸಿಂದ ತೆಗೆದಂಗೆ ತಣ್ಣಗೆ. ಬೆರಳು ಬಾಗಿತ್ತು. ಜಡ್ಡು ಸಿಕ್ತು. ತಲೆ ಯೋಚ್ನೆ ಮಾಡೋ ಮುಂಚೆನೇ ನನ್ನ ಬಾಯಿ ಹೇಳ್ಬಿಡ್ತು, "ರಾಚಮ್ಮಕ್ಕ!"

ನಗು ಅಲ್ಲೇ ನಿಂತೋಯ್ತು. "ಥೂ, ಎಂಥ ತಮಾಷೆ ಕಣಮ್ಮಿ ಇದು" ಅಂತ ಸಿದ್ದಮ್ಮ ಕೈ ಹೊರಗೆ ತೆಗೆದ್ಲು. ಒಬ್ಬರ ಮುಖ ನೋಡಿ ಒಬ್ರು ಎಲ್ರೂ ತೆಗೆದ್ರು. ಅರಿಶಿನ ತೊಟ್ಟಿಕ್ತಿರೋ ಕೈಗಳು, ಎಲ್ಲಾ ಮೇಲೆ. ನಾನು ಹಿಡ್ಕೊಂಡಿದ್ದ ಕೈ ಮಾತ್ರ ಇನ್ನೂ ಕೆಳಗೇ ಇತ್ತು.

ನಾನು ಕಿರುಚಲಿಲ್ಲ. ಹೆದರಿಕೆ ಆಯ್ತಾ ಅಂತ ಕೇಳಿದ್ರೆ, ಆ ಗಳಿಗೇಲಿ ಆಗಲಿಲ್ಲ. ನನಗೆ ಅನ್ನಿಸಿದ್ದು ಒಂದೇ, ಎಷ್ಟು ಚಳಿ ಆಗಿರ್ಬೇಕು ಇದಕ್ಕೆ ಅಂತ. ಎರಡೂ ಕೈಲಿ ಮುಚ್ಚಿ ಹಿಡ್ಕೊಂಡೆ. ನನ್ನ ಅಂಗೈ ಮೇಲೆ ಹೆಬ್ಬೆರಳು ಒಂದ್ಸಲ ಗೀಚ್ತು, ಮೆಲ್ಲಗೆ. ಅಷ್ಟೊತ್ತಿಗೆ ಟೀ ಮುಗಿದ ಬೆಲ್ ಹೊಡೀತು. ಬೆಲ್ ಆದ ತಕ್ಷಣ ಎಲ್ರೂ ಹೆಂಗೆ ಕೈ ಬಿಡಿಸ್ಕೊಂಡು ಹೊರಡ್ತಾರೋ ಹಂಗೇ ಅದೂ ಬಿಡಿಸ್ಕೊಂಡು ಹೋಯ್ತು. ನಾನು ಡ್ರಮ್ಮಿನ ತಳದವರ್ಗೂ ತಡಕಿದೆ, ಅಂಗಿ ತೋಳೆಲ್ಲ ನೆನೆದೋಯ್ತು. ನೀರು ಬಿಟ್ರೆ ಏನೂ ಇರಲಿಲ್ಲ. ಸೂಪರ್‌ವೈಸರ್ ಮಲಯಾಳಿ, ಬೆಲ್ ಹೊಡೆಯೋದೂ ಅವ್ನೇ, ಅಣ್ಣ ಅನ್ನೋ ಹಂಗೆ ಅವರ ಭಾಷೇಲಿ ನಾವು ಚೇಟ ಅಂತಿದ್ವಿ. ಅವ್ನು ಬಂದು "ಎಂದಾ, ಏನಾಯ್ತು, ಉಂಗುರ ಬಿತ್ತಾ?" ಅಂದ. ಹೂಂ ಅಂದೆ. ಅಲ್ಲಿ ಉಂಗುರ ಹಾಕೋ ಹಂಗೇ ಇರಲಿಲ್ಲ, ಅವ್ನಿಗೂ ಗೊತ್ತು. ನನ್ನ ಮುಖ ನೋಡಿ ಒಳಗೆ ಹೋದ.

ವಾಪಸ್ ಬರ್ತಾ ವ್ಯಾನಲ್ಲಿ ತಮ್ಮನ ಫೋನ್ ಬಂತು. ಮಧ್ಯಾಹ್ನ ಆಪರೇಷನ್ನಿಗೆ ಒಳಗೆ ಕರ್ಕೊಂಡೋಗಿದ್ರಂತೆ. ಸಂಜೆ ಹೊರಗೆ ಬಂದು ಹೇಳಿದ್ರಂತೆ, ವಿಷ ಏರ್ತಿತ್ತು, ಮಣಿಕಟ್ಟಿನ ಮೇಲಿಂದ ತೆಗೀಬೇಕಾಯ್ತು ಅಂತ. ನಾನು ಫೋನ್ ಇಟ್ಟು ಹೇಳೋ ಮುಂಚೆನೇ ಸಿದ್ದಮ್ಮ ಸೆರಗು ಬಾಯಿಗೆ ಒತ್ಕೊಂಡು ಅಳ್ತಿದ್ಲು. ಮಾರನೇ ದಿನದಿಂದ ಆ ಡ್ರಮ್ಮಿಗೆ ಯಾರೂ ಕೈ ಇಳಿಸಲಿಲ್ಲ. ಒಬ್ಬೊಬ್ರೂ ಮನೆಯಿಂದ ಚೊಂಬು ತಂದು, ನೀರು ತುಂಬ್ಕೊಂಡು ದೂರ ಹೋಗಿ ಅವರವರ ಕೈಗೆ ಅವರವರೇ ಹುಯ್ಕೊಂಡ್ರು.

ಇದಾಗಿ ವರ್ಷಗಳಾಯ್ತು. ನಾನು ಆ ಕೆಲಸ ಬಿಟ್ಟು ಈಗ ಚಾಮರಾಜನಗರದಲ್ಲಿ ಫ್ರಿಜ್, ಎ.ಸಿ. ರಿಪೇರಿ ಅಂಗಡೀಲಿ ಇದ್ದೀನಿ. ರಾಚಮ್ಮಕ್ಕನ್ನ ನೋಡೋಕೆ ಆಗಾಗ ಹೋಗ್ತಿದ್ದೆ, ಆದ್ರೆ ಆ ವಿಷಯ ಎತ್ತೋ ಧೈರ್ಯ ಬರ್ತಿರಲಿಲ್ಲ. ಮೊನ್ನೆ ಹೋದಾಗ ಅವಳು ಜಗಲಿ ಮೇಲೆ ಕೂತಿದ್ಲು, ಮಗಳು ಹಿಂದೆ ಕೂತು ಅಮ್ಮನ ಜಡೆ ಹಾಕ್ತಿದ್ಲು. ಓದು ಬಿಟ್ಟು ಗಾರ್ಮೆಂಟ್ಸಿಗೆ ಹೋಗ್ತಿದ್ದಾಳೆ. ಜಡೆ ಮುಗಿಸಿ ಅವಳು ಒಳಗೆ ಹೋದ್ಮೇಲೆ ಅಕ್ಕ ಹೇಳಿದ್ಲು, "ಇಲ್ದೇ ಇರೋ ಕೈ ನೋಯ್ತದ ಕಣಮ್ಮಿ. ಐಸಲ್ಲಿ ಇಟ್ಟಂಗೆ ಸೆಟೀತದ. ಯಾರ್ಗ್ ಹೇಳಾನ, ನಗ್ತಾರ."

ಇದು ನನಗೆ ಗೊತ್ತಿರೋ ವಿಷಯ. ಕೈ ಹೋದ್ರೂ ಮಿದುಳಲ್ಲಿ ಆ ಕೈಯಿನ ಜಾಗ ಹಂಗೇ ಇರತ್ತೆ, ಅದಕ್ಕೇ ಇದೆ ಅನ್ಸತ್ತೆ, ಎಷ್ಟೋ ಜನಕ್ಕೆ ಹಿಂಗಾಗತ್ತೆ, ನಿನಗೇನೂ ಹುಚ್ಚು ಹಿಡಿದಿಲ್ಲ ಅಂತ ಎಲ್ಲಾ ಬಿಡಿಸಿ ಹೇಳಿದೆ. ಅವಳು ತಲೆ ಆಡಿಸ್ತಾ ಕೇಳಿದ್ಲು. ಹೇಳ್ತಾ ಹೇಳ್ತಾ ನನಗೆ ತಡೆಯೋಕಾಗಲಿಲ್ಲ. ಡ್ರಮ್ಮಿನ ಕಥೇನೂ ಹೇಳ್ಬುಟ್ಟೆ.

ಅವಳು ಗಾಬರಿ ಆಗಲಿಲ್ಲ, ಅಳಲೂ ಇಲ್ಲ. ಮೊಂಡಾದ ಬಲತೋಳಿಗೆ ಸೆರಗು ಸುತ್ಕೊಂಡ್ಲು. ಆಮೇಲೆ ಕೇಳಿದ್ಲು, "ಬೆಚ್ಗಾಯ್ತಾ ಅದ್ಕೆ?"

ಸುಳ್ಳು ಹೇಳ್ಬೋದಿತ್ತು. "ಇಲ್ಲಕ್ಕ, ಅಷ್ಟರಲ್ಲಿ ಬೆಲ್ ಹೊಡುದ್ಬುಡ್ತು" ಅಂದೆ.

"ಊಂ. ಅದ್ಕೇ ಮತ್ತ" ಅಂದ್ಲು. "ಅದ್ಕೇ ಇನ್ನೂವೆ ನೋಯ್ತದ."

ಅವಳಿಗೆ ಆ ಕೈ ಇದೆ ಅನ್ಸೋದು ಯಾಕೆ ಅಂತ ನಾನು ಯಾರಿಗೆ ಬೇಕಾದ್ರೂ ವಿವರಿಸ್ತೀನಿ. ಅದು ನನ್ನ ಕೈಗೆ ಯಾಕೆ ಸಿಕ್ತು ಅನ್ನೋದಕ್ಕೆ ಮಾತ್ರ ಎಲ್ಲೂ ಉತ್ತರ ಸಿಕ್ಕಿಲ್ಲ, ಹುಡುಕ್ತಾನೇ ಇದ್ದೀನಿ. ಅವತ್ತು ಅವಳು ಒಳಗೆ ಹೋಗಿ ಕಾಫಿ ಕಾಯಿಸಿ ತಂದ್ಲು, ಎಡಗೈಲಿ. ಲೋಟ ಬಿಸಿ ಇತ್ತು. ನಾನು ಕುಡಿಯೋದನ್ನೇ ನೋಡ್ತಾ ಕೂತಿದ್ದು, "ಒಂಚೂರು ಹೊತ್ತು ತಡೆದು ಬೆಲ್ ಹೊಡುದಿದ್ರೆ ಆಯ್ತಿತ್ತು" ಅಂದ್ಲು. ಬೆಲ್ ಹೊಡೆದ ಆ ಚೇಟನ ಮೇಲೆ ಸಿಟ್ಟಿತ್ತೋ ಇಲ್ವೋ, ನನಗೆ ಗೊತ್ತಾಗಲಿಲ್ಲ.