ಪುಕ್ಕಟ ಶೇರಿನ ಪೇಡೆ

ಮಹಾಜನರೇ, ಹಿಂದಿನ ಸಾಲಿನವರೂ ಕೇಳ್ರಿ! ನಾನು ಶೇರು ಕೊಂಡಿದ್ದ ಕಂಪನಿ ಎರಡಾಗಿ ಒಡೆದು, ಹೊಸ ಕಂಪನಿಯ ಶೇರು ತಾವಾಗೇ ನನ್ನ ಖಾತೆಗೆ ಬಂದವು. ಹಿಸಾಬಿನ ಸಾಫ್ಟ್‌ವೇರಿನಲ್ಲಿ ಅವುಗಳ ಖರೀದಿ ಬೆಲೆ ಸೊನ್ನೆ ಅಂತ ಬರೆದೆ. ಪರದೆ ತುಂಬ ಲಾಭವೋ ಲಾಭ! ಇಂದು ಮುಂಜಾನೆ ಮಿರಜದ ನಮ್ಮ ಓಣಿಗೆಲ್ಲ ಪೇಡೆ ಹಂಚಿದೆ.

ಸಾಂಗ್ಲಿವಾಡಿಯಿಂದ ಬಂದಿದ್ದ ಕಾಕಾ ಎರಡು ಪೇಡೆ ಮುಗಿಸಿ ಗುಡುಗಿದರು: "ನಾನೂ ನಿಮ್ಮಪ್ಪನೂ ಬ್ಯಾರೆ ಆದಾಗ ಹೊಲ ಅಷ್ಟ ಹಂಚಿಕೊಂಡ್ವೇನೋ? ಅದಕ್ಕ ಹಾಕಿದ ರೊಕ್ಕದ ಲೆಕ್ಕಾನೂ ಹಂಚಿಕೊಂಡ್ವಿ. ಹಳೇ ಶೇರಿಗೆ ಕೊಟ್ಟ ರೊಕ್ಕದಾಗ ಹೊಸದರ ವಾಟಾ, ಅಂದ್ರ ಅದರ ಪಾಲು, ತಗದು ಬರಿ!"

ಬರೆದೆ. ಹೊಸ ಶೇರಿನ ಪುಕ್ಕಟ ಲಾಭ ರಂಗದಿಂದ ನಿರ್ಗಮಿಸಿತು.

"ಪೇಡೆ ತಿನ್ನೂಕಿಂತ ಮೊದಲ ಹೇಳಬಾರದೇನ್ರಿ ಕಾಕಾ?"

"ಹೇಳಿದ್ರ ನೀ ಕೊಡ್ತಿದ್ದೇನು?"

ನಾಳೆ ಮುಂಜಾನೆ ಎದ್ದವನೇ ಪೇಡೆಯ ಖರ್ಚನ್ನೂ ಎರಡೂ ಕಂಪನಿಗೆ ವಾಟಾ ಹಾಕಿ ಬರೆಯುತ್ತೇನೆ. ಕಾಕಾನ ಎರಡು ಪೇಡೆ ಮಾತ್ರ ಸಲಹಾ ಶುಲ್ಕ!