ಬಾಗಿಲ ಪಕ್ಕದ ಕುರ್ಚಿಯಿಂದ ಕಂಡವರು

ನೆನೆಸಿದ ಅವರೆಕಾಳು ಹಿಸುಕಿ ಸಿಪ್ಪೆ ಬಿಡಿಸುತ್ತ ಕೂತಿದ್ದಾಗ ಫೋನು ಬಂತು. ಶಿಡ್ಲಘಟ್ಟದ ನಾಟಕ ತಂಡದ ಹುಡುಗಿ. ಅವರ ಹಿರಿಯ ನಿರ್ದೇಶಕರು ಬೆಳಗಿನ ಜಾವ ತೀರಿಕೊಂಡರಂತೆ. ನರಳಲಿಲ್ಲವಂತೆ. ಅಷ್ಟು ದಯೆ ತೋರಿದ ದೇವರಿಗೆ ಕೂತಲ್ಲೇ ಕೈಮುಗಿದೆ.

“ಅಮ್ಮಾ, ನಿಮ್ಮ ಯಜಮಾನ್ರ ಪುಸ್ತಕದಲ್ಲಿ ನಾಟಕದೋರು ಎಲ್ಲಾರ ಬಗ್ಗೆನೂ ಐತೆ, ನಮ್ಮ ಮೇಷ್ಟ್ರ ಬಗ್ಗೆ ಮಾತ್ರ ಇಲ್ಲ. ಭಾನುವಾರ ಸಭೆ ಇಟ್ಕೊಂಡಿದೀವಿ. ನೀವು ಬಂದು ಎರಡು ಮಾತು ಹೇಳ್ಬೇಕು.”

“ನಾನೇನು ವಿಮರ್ಶೆ ಬರೆಯೋಳೇನಮ್ಮಾ? ಸಂಜೆ ಹೇಳ್ತೀನಿ, ಇರು.”

ವಿಮರ್ಶೆ ಬರೆಯುತ್ತಿದ್ದವರು ನಮ್ಮ ಮನೆಯವರು. ನಾಟಕ ಬರೆಯುವವರ, ಆಡಿಸುವವರ ವ್ಯಕ್ತಿಚಿತ್ರಗಳೆಂದರೆ ಅವರಿಗೆ ಪ್ರಾಣ. ಚಿಂತಾಮಣಿಯಲ್ಲಾಗಲಿ, ಗೌರಿಬಿದನೂರಿನಲ್ಲಾಗಲಿ ಅವರದು ಮುಂದಿನ ಸಾಲು. ಹಾಸಿಗೆ ಹಿಡಿದಿದ್ದ ಅತ್ತೆಯ ಬಗ್ಗೆ ಪಕ್ಕದ ಮನೆಯವರಿಂದ ಫೋನು ಬಂದರೆ ಎದ್ದು ಹೋಗಬೇಕಲ್ಲ, ಹಾಗಾಗಿ ನನ್ನದು ಹಿಂದೆ, ಬಾಗಿಲ ಪಕ್ಕದ ಕುರ್ಚಿ. ಅಲ್ಲಿಂದ ಕಂಬ ಅಡ್ಡ ಬಂದು ರಂಗ ಅರ್ಧ ಕಾಣದು. ಬಾಗಿಲಲ್ಲಿ ನಿಲ್ಲುವವರು ಮಾತ್ರ ಚೆನ್ನಾಗಿ ಕಾಣುತ್ತಿದ್ದರು.

ಒಮ್ಮೆ ದುಃಖದ ದೃಶ್ಯಕ್ಕೆ ಜನ ನಕ್ಕರೆಂದು ನಾಟಕ ಬರೆದವರೇ ಹೊರಗೆ ಹೋದರು. ಟೀ ಕುಡಿದು ಬಂದು ನನಗೆ ಹೇಳಿದರು: “ನಗ್ಲಿ ಬಿಡಿ ತಾಯಿ, ನಿದ್ದೆ ಮಾಡೋದಕ್ಕಿಂತ ವಾಸಿ.”

ಊಟಕ್ಕೆ ಕೂತಾಗ ಇವರು ಕೇಳುತ್ತಿದ್ದರು, “ಏನೇ, ನಿನ್ನ ಬಾಗಿಲು ಏನಂತು ಇವತ್ತು?”

“ಮೊದ್ಲು ನಿಮ್ಮ ಸ್ಟೇಜಲ್ಲಿ ಏನಾಯ್ತು ಹೇಳಿ, ನಂಗೆ ಕಂಡಿದ್ದು ಬರೀ ಕಂಬ.”

ಹೀಗೆ ಎರಡೂ ಸೇರಿ ಬರಹವಾಗುತ್ತಿತ್ತು. ಈ ನಿರ್ದೇಶಕರ ಬಗ್ಗೆ ಬರೆಯಬೇಕು ಎನ್ನುತ್ತಲೇ ಇವರು ದೇವರ ಪಾದ ಸೇರಿಬಿಟ್ಟರು.

ಆ ನಿರ್ದೇಶಕರು ತಮ್ಮ ನಾಟಕವನ್ನು ಎಂದೂ ಕೂತು ನೋಡಿದವರಲ್ಲ. ಬಾಗಿಲಿಗೊರಗಿ, ಕಣ್ಣು ಮುಚ್ಚಿ, ಎಲ್ಲರ ಮಾತನ್ನೂ ತುಟಿಯಲ್ಲೇ ಆಡುತ್ತಿದ್ದರು. ಒಮ್ಮೆ ತಡವಾಗಿ ಬಂದ ಮುದುಕಿಯೊಬ್ಬಳು ಅವರು ಜಪ ಮಾಡುತ್ತಿದ್ದಾರೆಂದುಕೊಂಡು ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋದಳು. ಅವರಿಗೆ ಅದು ತಿಳಿಯಲೇ ಇಲ್ಲ. ಯಾರಾದರೂ ಮಾತು ಮರೆತರೆ ಅವರ ಗಂಟಲ ನರ ಉಬ್ಬುತ್ತಿತ್ತು. ಅವರನ್ನೇ ನೋಡುತ್ತ ಅವರ ನಾಟಕ ಒಂದನ್ನೂ ನಾನು ನೆಟ್ಟಗೆ ನೋಡಲಿಲ್ಲ.

ಈಗ ನಾನು ಹೇಳದಿದ್ದರೆ ಅವರ ಚಿತ್ರ ಯಾರೂ ಬರೆಯದೇ ಹೋಗುತ್ತದೆ. ಹೇಳೋಣವೆಂದರೆ ನನ್ನಲ್ಲಿರುವುದು ಅರ್ಧ. ಉಳಿದರ್ಧ ಕೇಳಲು ಊಟದ ಹೊತ್ತಿಗೆ ಎದುರಿಗೆ ಯಾರೂ ಇರಲಿಲ್ಲ. ಕಾಳಿನ ಸಾರು ಮಾತ್ರ ಹದವಾಗಿತ್ತು, ಅದೂ ದೇವರ ಕೃಪೆಯೇ.

ದೀಪ ಹಚ್ಚುವ ಮೊದಲೇ ನಾನೇ ಫೋನು ಮಾಡಿದೆ. “ನಾಟಕ ಚೆನ್ನಾಗಿತ್ತೋ ಇಲ್ವೋ ನಂಗೊತ್ತಿಲ್ಲಮ್ಮಾ. ನಾಟಕ ನಡೆಯುವಾಗ ನಿಮ್ಮ ಮೇಷ್ಟ್ರ ಮುಖ ಹೆಂಗಿತ್ತು ಅಂತ ಗೊತ್ತು. ಅಷ್ಟೇ ಹೇಳ್ತೀನಿ, ಆಗ್ಬೋದಾ?”

“ನಾವು ಸ್ಟೇಜ್ ಮೇಲಿರ್ತಿದ್ವಿ ಅಮ್ಮಾ,” ಎಂದಳು ಹುಡುಗಿ. “ಆ ಮುಖ ನಮ್ಮಲ್ಲಿ ಯಾರೂ ನೋಡಿಲ್ಲ.”

ಭಾನುವಾರ ಬರುತ್ತೇನೆಂದು ಹೇಳಿ ಫೋನಿಟ್ಟೆ. ಮಹಡಿಯ ಮೇಲೆ ಬಟ್ಟೆ ಒಣಗಿದ್ದವು, ಮಂಜು ಬೀಳುವ ಮುಂಚೆ ತರಲು ಹೋದೆ.