ಬಂಡೆಯ ನಡುವೆ ಒಂದು ಹನಿ ರಕ್ತ

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಹಳೆಯ ಕಲ್ಲುಗಣಿಯ ಗೋಡೆಯ ಮೇಲೆ, ಎರಡು ಪಾದ ಹಿಡಿಸುವಷ್ಟೇ ಅಗಲಕ್ಕೆ ಹೊರಚಾಚಿದ ಕಲ್ಲಿನ ಚಾಚಿನಲ್ಲಿ ನಿಂತು, ಎಡಗೈ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಸೊಂಟಕ್ಕೆ ಕಟ್ಟಿದ ಹಗ್ಗ ಗೋಡೆಯ ತುದಿಯಲ್ಲಿದ್ದ ಕಬ್ಬಿಣದ ಬಳೆಯೊಳಗೆ ಹಾದು, ಮತ್ತೆ ನೆಲಕ್ಕಿಳಿದು, ಅಕ್ಕನ ಗಂಡನ ಕೈ ಸೇರಿತ್ತು. ಭಾವ ಬಸ್ ಚಾಲಕರು. ರಜೆಯ ದಿನ ನಾದಿನಿಯ ಹಗ್ಗ ಹಿಡಿಯುವುದು ಅವರ ಪಾಲಿನ ಕೆಲಸ.

ಅವಳಿಗೆ ‘ಉಡ’ ಎಂದು ಹೆಸರಿಟ್ಟವರೂ ಅವರೇ. ಹಿಡಿದದ್ದನ್ನು ಬಿಡುವವಳಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅವಳ ದೇಹ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿತು. ಅಂದಿನಿಂದ ಊಟ, ಓಟ, ಜ್ವರ, ನಿದ್ದೆ ಎಲ್ಲಕ್ಕೂ ಲೆಕ್ಕ. ಅಮ್ಮ ಅಂಗೈಯಲ್ಲಿಟ್ಟು ಸಾಕಿದರು. ಅದೇ ಅವಳಿಗೆ ಉಸಿರು ಕಟ್ಟಿಸಿತು. ಈಗ ಕಟ್ಟುಹಲ್ಲು ಮಾಡುವ ಕೋಣೆಯಲ್ಲಿ, ಯಾರದೋ ಬಾಯಿಯ ಅಚ್ಚಿನ ಮುಂದೆ ಬಗ್ಗಿ ಕೂತು, ಮೇಣದಲ್ಲಿ ಹಲ್ಲು ಜೋಡಿಸುತ್ತಾಳೆ. ಕೈ ಕದಲುವುದಿಲ್ಲ, ಮೇಜಿನ ಕೆಳಗೆ ಕಾಲು ಮಾತ್ರ ಕುಣಿಯುತ್ತಲೇ ಇರುತ್ತದೆ. “ನಿನ್ನ ಕಾಲಿಗೊಂದು ಬೆಲ್ಟ್ ಕಟ್ಟಿದ್ರೆ ನಮ್ಮ ಮೆಷಿನ್ನು ಕರೆಂಟಿಲ್ದೇ ಓಡುತ್ತೆ ಕಣೇ,” ಎನ್ನುತ್ತಾಳೆ ಪಕ್ಕದ ಮೇಜಿನವಳು.

ಹೋದ ತಿಂಗಳು ಇದೇ ಗೋಡೆಯ ಮೇಲೆ ರಕ್ತದ ಸಕ್ಕರೆ ಕುಸಿದು ಅವಳ ಮಾತು ತೊದಲಿತ್ತು. ಹತ್ತುವ ಮುಂಚೆ ಭಾವ ಕೇಳಿದಾಗ, ಪರೀಕ್ಷಿಸದೆಯೇ ಬಾಯಿಗೆ ಬಂದ ಸಂಖ್ಯೆ ಹೇಳಿದ್ದಳು. ಆಮೇಲೆ ಅವರು ಕಡ್ಡಿ ಮುರಿದ ಹಾಗೆ ಹೇಳಿದರು: “ತೊಂಬತ್ತಕ್ಕಿಂತ ಕಮ್ಮಿ ಇದ್ರೆ ಇಳೀಬೇಕು. ಇನ್ನೊಂದು ಸುಳ್ಳು ಹೇಳಿದ್ಯೋ, ನಿನ್ನ ಹಗ್ಗ ಬೇರೆ ಯಾರಾದ್ರೂ ಹಿಡ್ಕೊಳ್ಳಲಿ.” ಹಿಡಿಯಲು ಬೇರೆ ಯಾರೂ ಇರಲಿಲ್ಲ.

ಇಂದು ಕೈ ನಡುಗಲು ಶುರುವಾಗಿದ್ದರಿಂದ ನಿಂತಿದ್ದಳು. ಹನಿ ರಕ್ತವನ್ನು ಸಕ್ಕರೆ ಅಳೆಯುವ ಪುಟ್ಟ ಯಂತ್ರದ ಪಟ್ಟಿಗೆ ಮುಟ್ಟಿಸಿದಳು.

“ಎಷ್ಟು?” ಕೆಳಗಿನಿಂದ ಭಾವ ಕೂಗಿದರು.

“ಮುನ್ನೂರ ಹದಿನೆಂಟು! ಇನ್ಸುಲಿನ್ ತಗೊಂಡು ಹತ್ತುತೀನಿ.”

“ಹೊರಡುವಾಗ ನೂರ ಮೂವತ್ತು ಇತ್ತಲ್ಲೇ? ಅಲ್ಲೇನು ಮಿಠಾಯಿ ಅಂಗಡಿ ಇಟ್ಟಿದ್ದಾರಾ?”

“ಭಯಕ್ಕೂ ಏರುತ್ತೆ ಭಾವ.”

“ನಿನಗೆ ಭಯಾನಾ? ನಿಮ್ಮಕ್ಕನ ಮುಂದೆ ಹೇಳು, ಹೊಟ್ಟೆ ಹಿಡ್ಕೊಂಡು ನಗ್ತಾಳೆ.”

ಅವಳು ರೇಗಿಕೊಂಡೇ ಸೊಂಟದ ಚೀಲದಿಂದ ಇನ್ಸುಲಿನ್ ಪೆನ್ ತೆಗೆದು, ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಬೆರಳು ತುಟಿಗೆ ತಾಗಿತು. ಸಿಹಿ.

ಬೆವರು ಹೀರಲೆಂದು ಹತ್ತುವವರು ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಸಿಹಿಯಿರುವುದಿಲ್ಲ. ಅವಳು ಆ ಪುಡಿಯ ಚೀಲದೊಳಗೆ ಬಗ್ಗಿ ನೋಡಿದಳು. ಸಕ್ಕರೆ ಇಳಿದರೆ ಒಂದೇ ಕೈಗೆ ಸಿಗಲಿ ಎಂದು ಗ್ಲೂಕೋಸ್ ಪೊಟ್ಟಣವನ್ನೂ ಅದರಲ್ಲೇ ಇಟ್ಟಿದ್ದಳು. ಆಗ ಅದು ಬಲು ಜಾಣತನ ಅನ್ನಿಸಿತ್ತು. ಬಂಡೆಗೆ ಉಜ್ಜಿ ಪೊಟ್ಟಣ ಒಡೆದು, ಬಿಳಿಯೊಳಗೆ ಬಿಳಿ ಬೆರೆತುಹೋಗಿತ್ತು. ಯಂತ್ರ ಅಳೆದದ್ದು ಬೆರಳಿಗೆ ಮೆತ್ತಿದ ಸಕ್ಕರೆಯನ್ನು. ಚುಚ್ಚಿಕೊಂಡಿದ್ದರೆ ಇನ್ಸುಲಿನ್ ಇಳಿಯುತ್ತಿರುವ ಸಕ್ಕರೆಯನ್ನು ಇನ್ನಷ್ಟು ಇಳಿಸಿ, ಅವಳು ಹಗ್ಗದಲ್ಲೇ ಪ್ರಜ್ಞೆ ತಪ್ಪಿ ನೇತಾಡುತ್ತಿದ್ದಳು.

ಪೆನ್ನನ್ನು ಒಳಗೆ ತುರುಕಿದಳು. ಬಾಟಲಿಯ ನೀರನ್ನು ಇನ್ನೊಂದು ಬೆರಳಿನ ಮೇಲೆ ಸುರಿದು, ಅಂಗಿಯ ಒಳಮೈಗೆ ಒರೆಸಿ, ಮತ್ತೆ ಚುಚ್ಚಿದಳು. ಪರದೆಯ ಮೇಲೆ ಸಂಖ್ಯೆ ಬಂತು.

ಅದು ಕಾಣುತ್ತಿದ್ದುದು ಅವಳೊಬ್ಬಳಿಗೆ. ತುದಿ ಮೂರು ಮಾರು ದೂರದಲ್ಲಿತ್ತು. ಇಷ್ಟು ಹತ್ತಿರ ಅವಳು ಎಂದೂ ಬಂದಿರಲಿಲ್ಲ. ನೂರರ ಆಸುಪಾಸಿನ ಯಾವುದೋ ಒಂದನ್ನು ಕೂಗಿಬಿಟ್ಟರೆ, ಚೀಲದ ಪುಡಿಯನ್ನೇ ನೆಕ್ಕಿಕೊಂಡು ಹತ್ತಿಬಿಡಬಹುದಿತ್ತು. ಚಾಚಿನ ಮೇಲೆ ಕಾಲು ತನ್ನಷ್ಟಕ್ಕೆ ಕುಣಿಯತೊಡಗಿತು. ಬೆವರು ಕಣ್ಣಿಗಿಳಿಯಿತು.

“ಏನೇ, ಹಗ್ಗ ಅಲ್ಲಾಡ್ತಿದೆ? ಎಷ್ಟು ಬಂತು?”

ಅವಳು ತುದಿಯನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ತುದಿಯನ್ನು.

“ಬಾಯಿಗೇನಾಯ್ತು ಉಡ? ನಿನ್ನನ್ನೇ ಕೇಳ್ತಿರೋದು!”

“ಇಳಿಸಿ ಭಾವ,” ಎಂದು ಕೂಗಿದಳು. “ಐವತ್ತೆಂಟು.”